ಊರಿನವರಿಗೆ ಉದ್ರಿ, ಆನ್‌ಲೈನಿಗೆ ನಗದು

ಸಂಪಾದಕರಿಗೆ ನಮಸ್ಕಾರ.

ಕಳೆದ ತಿಂಗಳು ನಮ್ಮೂರಿನ ಕಿರಾಣಿ ಅಂಗಡಿಯಲ್ಲಿ ಸಾಮಾನು ಕಟ್ಟಿಸುತ್ತಾ ನಿಂತಿದ್ದೆ. ಪರಿಚಯದ ಹುಡುಗನೊಬ್ಬ ಬಂದ. ಎರಡು ಲೀಟರ್ ಎಣ್ಣೆ, ಒಂದು ಕೆಜಿ ತೊಗರಿಬೇಳೆ ತಗೊಂಡು ‘ಬರ್ಕಳಿ’ ಅಂದ. ಅಂಗಡಿಯವರು ರಟ್ಟಿನ ಪುಸ್ತಕ ತೆಗೆದು ಬರೆದುಕೊಂಡರು. ಅಷ್ಟರಲ್ಲಿ ರಸ್ತೆಯಲ್ಲಿ ಪಾರ್ಸೆಲ್ ಬೈಕು ಬಂದು ನಿಂತಿತು. ಅದೇ ಹುಡುಗ ಎಣ್ಣೆ, ಬೇಳೆ ಎರಡನ್ನೂ ಅಂಗಡಿ ಕಟ್ಟೆ ಮೇಲಿಟ್ಟು ಓಡಿದ, ಐನೂರರ ಮೂರು ನೋಟು ಎಣಿಸಿ ಕೊಟ್ಟ, ಶೂ ಡಬ್ಬಿ ಇಸ್ಕೊಂಡ. ಅಂಗಡಿಯವರು ಕತ್ತೆತ್ತಿ ನೋಡಿದರು. ಏನೂ ಹೇಳಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ ನನ್ನ ಸಕ್ಕರೆ ತೂಗೋಕೆ ತಿರುಗಿದರು.

ಆ ಹುಡುಗನನ್ನು ಬೈಯೋಕೆ ನನಗೆ ಬಾಯಿಲ್ಲ. ಅದೇ ಪುಸ್ತಕದಲ್ಲಿ ನಮ್ಮ ಮನೆಯದ್ದೂ ಒಂದು ಪುಟ ಇದೆ. ಅವತ್ತು ಅದರಲ್ಲಿ 6,840 ರೂಪಾಯಿ ಬಾಕಿ ಇತ್ತು. ಅದಕ್ಕೆ ಹದಿನೈದು ದಿನ ಮೊದಲು ನಾವು ಆನ್‌ಲೈನಲ್ಲಿ ಮಿಕ್ಸಿ ತರಿಸಿದ್ದೆವು, ಪೂರ್ತಿ ದುಡ್ಡು ಮೊದಲೇ ಕಟ್ಟಿ. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಇಬ್ಬರಿಗೂ ಆ ರಾತ್ರಿ ಊಟ ಸರಿಯಾಗಿ ಸೇರಲಿಲ್ಲ. ಅದಕ್ಕೇ ಈ ಪತ್ರ.

ಸ್ಥಳೀಯರ ಹತ್ತಿರ ಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಹಬ್ಬ ಬಂದರೆ ವಾಟ್ಸಾಪ್ ತುಂಬಾ ಅದೇ. ಅದು ಪೇಟೆಯವರಿಗೆ ಹೇಳಿದ ಮಾತು ಅಂದುಕೊಂಡು ನಾವು ಹಳ್ಳಿಯವರು ಸುಮ್ಮನಾಗುತ್ತೇವೆ. ಆದರೆ ಸಾಗರ ತಾಲ್ಲೂಕಿನ ನಮ್ಮಂಥ ಊರುಗಳಲ್ಲಿ ಮೊದಲು ಬದಲಾಗಬೇಕಾದವರು ನಾವೇ ಅಂತ ನನಗೆ ಈಗ ಅನ್ನಿಸಿದೆ. ಹೊರಗಿನವರು ಹೇಳಿದ ರೇಟು ಕೊಡುತ್ತೇವೆ, ನಗದು ಕೊಡುತ್ತೇವೆ, ಕೆಲವು ಸಲ ಸಾಮಾನು ಕಣ್ಣಿಗೆ ಬೀಳುವ ಮೊದಲೇ ಕೊಡುತ್ತೇವೆ. ಊರಿನವರ ಹತ್ತಿರ ಚೌಕಾಸಿ ಮಾಡುತ್ತೇವೆ, ಉದ್ರಿ ಹೇಳುತ್ತೇವೆ, ‘ನಮ್ಮವರೇ ಅಲ್ವಾ, ಆಮೇಲೆ ನೋಡಣ’ ಅನ್ನುತ್ತೇವೆ. ಹೀಗೆ ಹೇಳಿ ಹೇಳಿಯೇ ನಮ್ಮ ಪಕ್ಕದ ಊರಲ್ಲಿ ಒಂದು ಅಂಗಡಿ ಬಾಗಿಲು ಹಾಕಿತು.

ಉದ್ರಿ ತಪ್ಪು ಅಂತ ನಾನು ಹೇಳುವುದಿಲ್ಲ. ಅಡಿಕೆ ಸೀಮೆಯಲ್ಲಿ ಉದ್ರಿ ಇಲ್ಲದೆ ಮಳೆಗಾಲ ದಾಟೋದು ಹೇಗೆ? ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲು ಜೋರಾಗುವುದು ನವೆಂಬರ್ ಹೊತ್ತಿಗೆ. ಸುಲಿದು, ಬೇಯಿಸಿ, ಒಣಗಿಸಿ, ಸೊಸೈಟಿಗೆ ಹಾಕಿ ದುಡ್ಡು ಕೈಗೆ ಬರುವಾಗ ನಮ್ಮ ಮನೆಯಲ್ಲಂತೂ ಸಂಕ್ರಾಂತಿ ಕಳೆದಿರುತ್ತದೆ. ಅಲ್ಲಿವರೆಗೆ ಎಣ್ಣೆ, ಬೇಳೆ, ಮಕ್ಕಳ ನೋಟ್‌ಬುಕ್ಕು ಎಲ್ಲಾ ಆ ರಟ್ಟಿನ ಪುಸ್ತಕದ ಮೇಲೇ. ಈಚೆಗೆ ಎಲೆಚುಕ್ಕೆ ರೋಗ ಬಂದ ತೋಟಗಳಲ್ಲಿ ಫಸಲೂ ಕಮ್ಮಿ, ಔಷಧಿ ಖರ್ಚು ಜಾಸ್ತಿ. ಆ ಹೊರೆ ಕೂಡ ಅಂಗಡಿಯವರ ತಲೆ ಮೇಲೇ ಹೋಗುತ್ತದೆ.

2020ರ ಲಾಕ್‌ಡೌನಿನಲ್ಲಿ ಬಸ್ಸಿಲ್ಲ, ಪಾರ್ಸೆಲ್ಲಿಲ್ಲ, ಪೇಟೆಗೆ ಹೋಗುವ ಹಾಗಿಲ್ಲ. ಆಗ ನಮ್ಮ ಅಂಗಡಿಯವರು ಯಾರದ್ದೋ ಪಿಕಪ್ ಗಾಡಿ ಹಿಡಿದು ಸಾಮಾನು ತಂದರು. ಬಾಗಿಲಿಗೆ ಅಡ್ಡ ಹಗ್ಗ ಕಟ್ಟಿ ಒಬ್ಬೊಬ್ಬರಿಗೇ ಕೊಟ್ಟರು. ದುಡ್ಡಿದ್ದವರಿಗೂ ಕೊಟ್ಟರು, ಇಲ್ಲದವರಿಗೂ ಕೊಟ್ಟರು. ಅಷ್ಟೆಲ್ಲಾ ಆದ ಮೇಲೂ, ಅಡಿಕೆ ದುಡ್ಡು ಬಂದ ದಿನ ನಾವು ಮೊದಲು ಹೋಗುವುದು ಎಲ್ಲಿಗೆ? ಪೇಟೆಯ ಶೋರೂಮಿಗೆ. ಅಂಗಡಿ ಬಾಕಿ ‘ಯುಗಾದಿಗೆ ಕೊಡ್ತೀನಿ’ ಅಂತ ಮುಂದಕ್ಕೆ ಹೋಗುತ್ತದೆ. ಅವರಿಗೆ ಮಾಲು ಕೊಡುವ ಹೋಲ್‌ಸೇಲಿನವರು ಯುಗಾದಿವರೆಗೆ ಕಾಯುತ್ತಾರಾ? ವಾರವಾರ ಕಟ್ಟಬೇಕು. ಹಾಗಾಗಿ ಹತ್ತು ಚೀಲ ತರುವ ಕಡೆ ನಾಲ್ಕು ತರುತ್ತಾರೆ, ಶೆಲ್ಫು ಖಾಲಿ ಕಾಣುತ್ತದೆ, ‘ಅಲ್ಲಿ ಏನೂ ಸಿಗಲ್ಲ ಮಾರಾಯ್ರೆ’ ಅಂತ ನಾವೇ ಹೇಳಿಕೊಂಡು ಬಸ್ಸು ಹತ್ತುತ್ತೇವೆ.

ನಮ್ಮದು ದೀವರ ಸಮುದಾಯದ ಮನೆ. ಅಜ್ಜ ಬೇರೆಯವರ ಜಮೀನು ಮಾಡುತ್ತಿದ್ದ ಗೇಣಿ ಒಕ್ಕಲು. ನಮ್ಮ ತಾಲ್ಲೂಕಿನ 1951ರ ಕಾಗೋಡು ಸತ್ಯಾಗ್ರಹ ಹೊತ್ತಿಕೊಂಡಿದ್ದು ಕೊಳಗದ ವಿಷಯಕ್ಕೆ. ಜಮೀನುದಾರರು ಗೇಣಿ ಭತ್ತ ಅಳೆಸಿಕೊಳ್ಳುವ ಕೊಳಗ ದೊಡ್ಡದು, ನಮಗೆ ಸರಿಯಾದ ಅಳತೆ ಬೇಕು ಅಂತ ಒಕ್ಕಲುಗಳು ಎದ್ದು ನಿಂತರು. ಎಚ್. ಗಣಪತಿಯಪ್ಪನವರು ಸಂಘ ಕಟ್ಟಿ ನಿಲ್ಲಿಸಿದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಇಲ್ಲಿಗೆ ಬಂದು ಬಂಧನವಾದರು. ಆ ಕಥೆಯನ್ನು ನಾವು ಮಕ್ಕಳಿಗೆ ಹೆಮ್ಮೆಯಿಂದ ಹೇಳುತ್ತೇವೆ. ಅದೇ ನಾವು ಸಂತೆಯಲ್ಲಿ ಸೊಪ್ಪಿನವಳ ಹತ್ತಿರ ‘ಇನ್ನೊಂದು ಕಟ್ಟು ಸುಮ್ನೆ ಹಾಕು’ ಅಂತ ಕೈ ಚಾಚುತ್ತೇವೆ. ಅವಳು ಬೆಳಗಿನ ಜಾವ ಕೊಯ್ದು, ತೊಳೆದು, ಬಾಳೆನಾರಿನಲ್ಲಿ ಕಟ್ಟಿ, ಮೊದಲ ಬಸ್ಸಿಗೆ ತಂದಿರುತ್ತಾಳೆ. ಆ ಒಂದು ಕಟ್ಟು ಅವಳ ಲಾಭ. ಹಾಗೆ ಕೇಳುವಾಗ ಈಗೀಗ ನನಗೆ ಅಜ್ಜನ ಕೊಳಗ ನೆನಪಾಗುತ್ತದೆ.

ಇನ್ನು ಕಲಾವಿದರ ವಿಷಯ. ಇದನ್ನು ಬರೆಯೋಕೆ ನನಗೆ ಕಷ್ಟ.

ಎರಡು ವರ್ಷದ ಹಿಂದೆ ಮಗಳ ಮದುವೆ ಮಾಡಿದೆವು. ನಮ್ಮಲ್ಲಿ ಮದುವೆಗೆ ಹಸೆಗೋಡೆ ಬರೆಯಬೇಕು, ಅಂದರೆ ಮದುಮಕ್ಕಳು ಕೂರುವ ಕಡೆಯ ಗೋಡೆಗೆ ಚಿತ್ತಾರ. ಫ್ಲೆಕ್ಸ್ ಮಾಡಿಸಿ ಹಚ್ಚಿಬಿಡಿ ಅಂದರು ನೆಂಟರು. ಹೆಂಡತಿ ಒಪ್ಪಲಿಲ್ಲ, ಪಕ್ಕದೂರಿನ ಒಬ್ಬ ಅಜ್ಜಿಯನ್ನು ಕರೆಸಿದಳು. ಗೋಡೆಗೆ ಮೊದಲು ಕೆಮ್ಮಣ್ಣು ಬಳಿದರು. ಬಿಳಿಗೆ ನೆನೆಸಿದ ಅಕ್ಕಿ ಅರೆದರು. ಕಪ್ಪಿಗೆ ಅಕ್ಕಿಯನ್ನೇ ಹಂಚಿನಲ್ಲಿ ಕರಿಕಾಗುವ ತನಕ ಹುರಿದರು. ಹಳದಿಗೆ ಗುರಿಗೆ ಕಾಯಿ. ಪುಂಡಿ ನಾರಿನ ತುದಿ ಜಜ್ಜಿ ಕುಂಚ ಮಾಡಿಕೊಂಡು ಕೂತರು ನೋಡಿ. ಸ್ಕೇಲಿಲ್ಲ, ದಾರವಿಲ್ಲ, ಪೆನ್ಸಿಲ್ ಗುರುತಿಲ್ಲ. ಒಂದು ಮೊಳ ಉದ್ದದ ಗೆರೆಯನ್ನು ಉಸಿರು ಬಿಗಿಹಿಡಿದು ಒಂದೇ ಸಲಕ್ಕೆ ಎಳೆಯುತ್ತಿದ್ದರು. ಎಳೆದು ಮುಗಿಸಿ ಆಮೇಲೆ ಉಸಿರು ಬಿಡುತ್ತಿದ್ದರು. ಒಂದರ ಪಕ್ಕ ಒಂದು ಗೆರೆ, ಗೆರೆಗಳ ಒಳಗೆ ಚೌಕ, ಮಧ್ಯದಲ್ಲಿ ಪುಟ್ಟ ಪುಟ್ಟ ಮದುಮಕ್ಕಳು. ಮೂರು ದಿನ ಹಿಡಿಯಿತು. ಮಗಳು ಅಳಿಯ ಅದರ ಮುಂದೆ ಕೂತಾಗ ನನ್ನ ಕಣ್ಣು ತುಂಬಿ ಬಂತು.

ಪೇಟೆಯಿಂದ ಬಂದ ಸ್ಟೇಜ್ ಡೆಕೊರೇಷನ್‌ನವರು ಕೇಳಿದಷ್ಟು ಕೊಟ್ಟೆ, ಅದೂ ಅರ್ಧ ಮುಂಗಡ. ಅಜ್ಜಿಗೆ ಒಂದು ಸೀರೆ, ಎಲೆ ಅಡಿಕೆ, ಸಾವಿರ ರೂಪಾಯಿ. ಅವರು ಕೇಳಲೂ ಇಲ್ಲ. ಮೊದಲೆಲ್ಲಾ ಇದು ಸರಿ ಹೋಗುತ್ತಿತ್ತು, ಯಾಕೆಂದರೆ ಈ ಮನೆಯವರು ಆ ಮನೆಗೆ ಹೋಗಿ ಬರೆಯುತ್ತಿದ್ದರು, ನಾಟಿಗೆ ಹೋದ ಹಾಗೆ ಅದೂ ಮುಯ್ಯಿ. ಈಗ ಬರೆಯುವವರು ಊರಿಗೆ ಒಬ್ಬರೂ ಸಿಗೋದು ಕಷ್ಟ. ನಮ್ಮ ಮನೆಯಿಂದ ಯಾರೂ ಅವರ ಮನೆಗೆ ಹೋಗಿ ಬರೆದು ಕೊಡೋದಿಲ್ಲ. ಹಾಗಿದ್ದ ಮೇಲೆ ಮೂರು ದಿನದ ಕೂಲಿ ಬಿಟ್ಟು ಬಂದ ಕೈಗೆ ಸಾವಿರ ಕೊಟ್ಟಿದ್ದು ಅನ್ಯಾಯ. ಹೀಗೆ ಕೊಟ್ಟರೆ ಅವರ ಸೊಸೆ ಯಾಕೆ ಕಲಿಯುತ್ತಾಳೆ? ಚಿತ್ತಾರ ಅಳಿದು ಹೋಗುತ್ತಿದೆ ಅಂತ ಭಾಷಣ ಮಾಡುವವರಲ್ಲಿ ಎಷ್ಟು ಜನ ತಮ್ಮ ಮನೆಯ ಗೋಡೆಗೆ ದುಡ್ಡು ಕೊಟ್ಟು ಬರೆಸಿದ್ದಾರೆ?

ಅಂಗಡಿಯ ಆ ಘಟನೆ ಆದ ಮೇಲೆ ಅಜ್ಜಿ ಮನೆಗೆ ಹೋಗಿ ಉಳಿದಿದ್ದನ್ನು ಕೊಟ್ಟು ಬಂದೆ. ಎಣಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ‘ಕನ್ನಡಕ ಮಾಡಿಸಬೇಕಿತ್ತು’ ಅಂದರು. ಈಗ ಒಂದು ಗೆರೆ ಎಳೆದರೆ ಎರಡು ಕಾಣುತ್ತದಂತೆ.

ನಮ್ಮ ಸೀಮೆಯಲ್ಲಿ ಅಂಗಡಿ, ತೋಟ, ಕಲೆ ಬೇರೆ ಬೇರೆ ಅಂತ ಯಾವತ್ತೂ ಇರಲಿಲ್ಲ. 1949ರಲ್ಲಿ ಹೆಗ್ಗೋಡಿನಲ್ಲಿ ನೀನಾಸಂ ನಾಟಕ ಸಂಸ್ಥೆ ಕಟ್ಟಿದ ಕೆ.ವಿ. ಸುಬ್ಬಣ್ಣನವರು ಅಡಿಕೆ ಬೆಳೆಗಾರರಾಗಿದ್ದರು. ಅಲ್ಲೇ ಹತ್ತಿರ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರು 1996ರಲ್ಲಿ ಹೆಣ್ಣುಮಕ್ಕಳನ್ನು ಸೇರಿಸಿ ಶುರು ಮಾಡಿದ ಚರಕ ಕೈಮಗ್ಗ ಸಂಘದಲ್ಲಿ, ಅಡಿಕೆ ಬೇಯಿಸಿದ ಚೊಗರಿನಿಂದಲೂ ನೂಲಿಗೆ ಬಣ್ಣ ಹಾಕುತ್ತಾರೆ. ನಾವು ಚೊಗರು ಬಟ್ಟೆಗೆ ತಾಗಿದರೆ ಕಲೆ ಹೋಗಲ್ಲ ಅಂತ ಬೈಯುತ್ತಿದ್ದೆವು, ಅವರು ಅದನ್ನೇ ಬಣ್ಣ ಮಾಡಿಕೊಂಡರು! ಅಲ್ಲಿನ ಬಟ್ಟೆ ‘ದೇಸಿ’ ಹೆಸರಿನ ಅಂಗಡಿಗಳ ಮೂಲಕ ಬೆಂಗಳೂರಿನವರ ಮೈ ಮೇಲಿದೆ. ನಮ್ಮೂರಿನವರು ಎಷ್ಟು ಜನ ಹಾಕಿದ್ದೇವೆ? ನನ್ನ ಹತ್ತಿರ ಒಂದೇ ಒಂದು ಅಂಗಿ ಇದೆ, ಅದೂ ಬೇರೆಯವರು ಕೊಟ್ಟಿದ್ದು. ಈ ದೀಪಾವಳಿಗೆ ಮನೆಯವರೆಲ್ಲರಿಗೂ ಅಲ್ಲಿಂದಲೇ ತರುವುದು ಅಂತ ಮಾತಾಡಿಕೊಂಡಿದ್ದೇವೆ.

ಅಂಗಡಿಯವರಿಗೂ ಒಂದು ಮಾತು ಹೇಳಬೇಕು, ಬೇಜಾರು ಮಾಡಿಕೊಳ್ಳಬೇಡಿ. ಅಪ್ಪೆಮಿಡಿ ಮಾವಿನಕಾಯಿಯ ಊರಲ್ಲಿ ಕೂತು ಕಂಪನಿ ಉಪ್ಪಿನಕಾಯಿ ಯಾಕೆ ಮಾರುತ್ತೀರಿ? ಹೊಳೆ ಅಂಚಿನ ಎತ್ತರದ ಮರ ಹತ್ತಿ, ಒಂದೊಂದೇ ಮಿಡಿ ತೊಟ್ಟು ಸಮೇತ ಕೊಯ್ದು, ಚೀಲದಲ್ಲಿ ಹಗ್ಗ ಕಟ್ಟಿ ಇಳಿಸುತ್ತಾರೆ. ನೆಲಕ್ಕೆ ಬಿದ್ದು ಪೆಟ್ಟಾದ ಒಂದು ಮಿಡಿ ಸೇರಿದರೂ ಭರಣಿಯೇ ಕೆಡುತ್ತದೆ. ಅಷ್ಟು ಜತನದಿಂದ ಜೀರಿಗೆ ಮಿಡಿ ಉಪ್ಪಿನಕಾಯಿ ಹಾಕುವ ಹೆಂಗಸರು ನಿಮ್ಮ ಅಂಗಡಿಯಿಂದ ನಾಲ್ಕು ಮನೆ ಆಚೆ ಇದ್ದಾರೆ. ಹಲಸಿನ ಹಪ್ಪಳ ಮಾಡುವವರೂ ಇದ್ದಾರೆ. ಅವರದ್ದು ಹತ್ತು ಬಾಟಲಿ ಇಟ್ಟುಕೊಳ್ಳಿ, ಮಾರಿದ ಮೇಲೆ ಕೊಡಿ ಪರವಾಗಿಲ್ಲ, ಆದರೆ ಮಾರಿದ ದಿನವೇ ಕೊಡಿ.

ಆನ್‌ಲೈನ್ ಬಿಟ್ಟುಬಿಡಿ ಅಂತ ನಾನು ಯಾರಿಗೂ ಹೇಳುತ್ತಿಲ್ಲ. ಇಲ್ಲಿ ಸಿಗದ ಪಂಪಿನ ಪಾರ್ಟು, ಮಕ್ಕಳ ಪರೀಕ್ಷೆ ಪುಸ್ತಕ ನಾನೂ ತರಿಸುತ್ತೇನೆ. ದಿನಗೂಲಿಯ ಮನೆಯಲ್ಲಿ ಐದು ರೂಪಾಯಿ ಕಮ್ಮಿಗೆ ಎಲ್ಲಿ ಸಿಗುತ್ತದೋ ಅಲ್ಲಿ ತರುತ್ತಾರೆ, ಅವರನ್ನು ದೂರುವ ಹಾಗಿಲ್ಲ. ನಾನು ಹೇಳುತ್ತಿರುವುದು ನಮ್ಮಂಥವರಿಗೆ, ಅಡಿಕೆ ಮಾರಿ ಒಂದಿಷ್ಟು ದುಡ್ಡು ಕೈಯಲ್ಲಿ ಓಡಾಡುವವರಿಗೆ. ಸೊಸೈಟಿಯಿಂದ ದುಡ್ಡು ಬಂದ ವಾರವೇ ಅಂಗಡಿ ಪುಟ ಚುಕ್ತಾ ಮಾಡಿ. ಸಂತೆಯಲ್ಲಿ ಹೇಳಿದ ರೇಟು ಕೊಡಿ. ತಾಳಮದ್ದಳೆಗೆ ಭಾಗವತರನ್ನು, ಮದ್ದಳೆಯವರನ್ನು ಕರೆಯುವಾಗ ಎಷ್ಟು ಕೊಡುತ್ತೇವೆ ಅಂತ ಮೊದಲೇ ಬಾಯಿ ಬಿಟ್ಟು ಹೇಳಿ. ಬೆಳಗಿನ ಜಾವ ಶಾಲು ಹೊದೆಸಿ ಫೋಟೋ ತೆಗೆದು ಕಳಿಸುವುದು ಸಾಕು.

ನಿಮ್ಮ ಪತ್ರಿಕೆಗೂ ಒಂದು ಬೇಡಿಕೆ. ಜಿಲ್ಲಾ ಪುಟದಲ್ಲಿ ಅಡಿಕೆ ಧಾರಣೆ ಹಾಕುತ್ತೀರಿ. ರಾಶಿ, ಬೆಟ್ಟೆ, ಗೊರಬಲು ಇಷ್ಟಿಷ್ಟು ಅಂತ ನಾವು ಬೆಳಿಗ್ಗೆ ಎದ್ದ ಕೂಡಲೇ ಅದನ್ನೇ ನೋಡುತ್ತೇವೆ. ಅದರ ಪಕ್ಕದಲ್ಲಿ ವಾರಕ್ಕೊಮ್ಮೆ ಒಂದು ಸಣ್ಣ ಚೌಕ ಕೊಡಿ. ಯಾವ ಊರಲ್ಲಿ ಬುಟ್ಟಿ ಹೆಣೆಯುತ್ತಾರೆ, ಎಲ್ಲಿ ಹಸೆ ಬರೆಯುವವರಿದ್ದಾರೆ, ಮಿಡಿ ನೂರಕ್ಕೆ ಎಷ್ಟಿದೆ, ಜೋನಿಬೆಲ್ಲ ಎಲ್ಲಿ ಸಿಗುತ್ತದೆ, ಬೆಲೆ ಸಮೇತ ಹಾಕಿ. ಬೆಲೆ ಪೇಪರಿನಲ್ಲಿ ಬಂದರೆ ಚೌಕಾಸಿ ಮಾಡುವವರ ಬಾಯಿ ತಾನಾಗಿ ಕಟ್ಟುತ್ತದೆ.

ಬರುವ ಭೂಮಿ ಹುಣ್ಣಿಮೆಗೆ, ಭೂಮಿತಾಯಿಗೆ ಎಡೆ ಒಯ್ಯುವ ನಮ್ಮ ಮನೆಯ ಭೂಮಣ್ಣಿ ಬುಟ್ಟಿಗೆ ಈಗಲೇ ಹೇಳಿ ಬಂದಿದ್ದೇನೆ, ಒಂದು ದೊಡ್ಡದು, ಒಂದು ಸಣ್ಣದು. ಹೆಣೆಯುವವರಿಗೆ ಪೂರ್ತಿ ದುಡ್ಡು ಕೊಟ್ಟಾಯಿತು. ಚಿತ್ತಾರ ಬರೆಯುವುದು ಅದೇ ಅಜ್ಜಿ. ಕನ್ನಡಕ ಬಂದಿದೆಯಂತೆ.

— ಒಬ್ಬ ಅಡಿಕೆ ಬೆಳೆಗಾರ, ಸಾಗರ ತಾಲ್ಲೂಕು