ತರಬೇತಿಗೆ ಬಿಟ್ಟ ನಾಯಿಗಳ ಪಾಡು

ಮಾನ್ಯರೇ,

ಸಾಕುನಾಯಿಗಳನ್ನು ವಾರಗಟ್ಟಲೆ ತಮ್ಮಲ್ಲೇ ಇರಿಸಿಕೊಂಡು ವಿಧೇಯತೆ ಕಲಿಸುವುದಾಗಿ ಹೇಳುವ ಕೇಂದ್ರಗಳು ಬೆಂಗಳೂರಿನ ಹೊರವಲಯದಲ್ಲಿವೆ. ಅಂಥದ್ದೊಂದರಲ್ಲಿ ನಮ್ಮ ಒಂದು ವರ್ಷದ ಲ್ಯಾಬ್ರಡಾರ್ ನಾಯಿಯನ್ನು ತಿಂಗಳ ಮಟ್ಟಿಗೆ ಬಿಟ್ಟಿದ್ದೆವು. ಮರಳಿ ಬಂದಾಗ ‘ಸಿಟ್’, ‘ಸ್ಟೇ’ ಎಂದರೆ ಥಟ್ಟನೆ ಪಾಲಿಸುತ್ತಿತ್ತು, ನಿಜ. ಆದರೆ ಕೊರಳ ಸುತ್ತ ಕೂದಲು ಉದುರಿತ್ತು, ಯಾರಾದರೂ ಕೈಯೆತ್ತಿದರೆ ಸಾಕು, ಬಾಲ ಮುದುರಿಕೊಂಡು ಮಂಚದಡಿ ಸೇರುತ್ತಿತ್ತು. ಮಾಲೀಕರನ್ನು ಕಂಡರೆ ನಾಯಿ ಕಲಿತದ್ದನ್ನು ಮರೆಯುತ್ತದೆ, ನಡುವೆ ನೋಡಲು ಬರಬೇಡಿ ಎಂಬ ಮಾತನ್ನು ನಂಬಿದ್ದು ನಮ್ಮದೇ ತಪ್ಪು.

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಪ್ರಾಣಿಯನ್ನು ಹೊಡೆಯುವುದು, ಗಿಡ್ಡ ಸರಪಳಿಯಲ್ಲಿ ವಿನಾಕಾರಣ ಹೊತ್ತುಗಟ್ಟಲೆ ಕಟ್ಟಿಹಾಕುವುದು ಅಪರಾಧ. ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಇಂದು ಒಂದು ಬೆಲ್ಟ್ ಕೂಡ ಆ ಹಣಕ್ಕೆ ಸಿಗಲಾರದು! ನಾಯಿ ತಳಿ ಬೆಳೆಸುವವರಿಗೆ 2017ರ ನಿಯಮಗಳೂ ಸಾಕುಪ್ರಾಣಿ ಮಳಿಗೆಗಳಿಗೆ 2018ರ ನಿಯಮಗಳೂ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯನ್ನು ಕಡ್ಡಾಯಗೊಳಿಸಿವೆ. ನಾಯಿಗಳನ್ನು ಇರಿಸಿಕೊಂಡು ತರಬೇತಿ ನೀಡುವವರಿಗೂ ಇಂಥದೇ ನೋಂದಣಿ, ಪಶುವೈದ್ಯರಿಂದ ತಪಾಸಣೆ, ಪ್ರತಿ ನಾಯಿಯ ರೇಬೀಸ್ ಲಸಿಕೆಯ ದಾಖಲೆ ಹಾಗೂ ಮಾಲೀಕರು ಯಾವಾಗ ಬೇಕಾದರೂ ಬಂದು ನೋಡುವ ಹಕ್ಕು ಇರುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕು.

ಬೇರೆಡೆ ಕಲಿತ ಪಾಠವನ್ನು ನಾಯಿ ಮನೆಯಲ್ಲಿ ತಾನಾಗಿ ಮುಂದುವರಿಸುವುದಿಲ್ಲವಾದ್ದರಿಂದ, ಮನೆಮಂದಿಗೂ ಕೆಲವು ದಿನ ಕಲಿಸಿಕೊಡುವವರನ್ನೇ ಓದುಗರು ಆರಿಸಿಕೊಳ್ಳುವುದು ಒಳಿತು.

– ಓರ್ವ ಓದುಗ, ಬೆಂಗಳೂರು