ಅಜ್ಜನ ಐಪಾಡಿಗೆ ಹೊಸ ಬ್ಯಾಟರಿ

ಪ್ರೀತಿಯ ಪುಟ್ಟಿಗೆ,

ಅಜ್ಜನ ಐಪಾಡಲ್ಲಿ ಅರ್ಧ ತಾಳಮದ್ದಲೆ ಮುಗಿಯುವುದರೊಳಗೆ ಚಾರ್ಜು ಇಳಿಯುತ್ತದೆ ಅಂದಿಯಲ್ಲ. ಅಂಗಡಿಯವನು ಬಿಸಾಡಿ ಅಂದನಂತೆ! ಸುಮ್ನೆ ಬಿಡು. ಕೆಟ್ಟಿರುವುದು ಬ್ಯಾಟರಿ ಒಂದೇ. ಅಜ್ಜ ಅದನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡುತ್ತಿದ್ದರು, ಅದೂ ಉಡುಪಿಯ ಏಪ್ರಿಲ್ ಬಿಸಿಲಲ್ಲಿ. ಲಿಥಿಯಂ ಬ್ಯಾಟರಿಗೆ ಬಿಸಿ ಆಗಿಬರುವುದಿಲ್ಲ. ಬಳಸದೆ ಇಟ್ಟರೂ ಅದಕ್ಕೆ ವಯಸ್ಸಾಗುತ್ತದೆ.

ನಿನ್ನ ಹತ್ತಿರ ಇರುವುದು 2005ರಲ್ಲಿ ಬಂದ ಮಾಡೆಲ್, 30 ಜಿಬಿಯದ್ದು. 60 ಜಿಬಿಯದಕ್ಕೆ ದಪ್ಪ ಬ್ಯಾಟರಿ, ಇದಕ್ಕೆ ತೆಳು. ಆರ್ಡರ್ ಮಾಡುವಾಗ ಅದನ್ನು ನೋಡಿಕೋ.

ಚಾರ್ಜು ಪೂರ್ತಿ ಇಳಿದ ಮೇಲೆ ಬಿಚ್ಚು. ಮೇಲಿನ ಹೋಲ್ಡ್ ಬಟನ್ ಲಾಕ್ ಮಾಡಿಡು. ಇದಕ್ಕೆ ಹೊರಗೆ ಸ್ಕ್ರೂ ಇಲ್ಲ, ಮುಂದಿನ ಹಿಂದಿನ ಭಾಗಗಳು ಕ್ಲಿಪ್ಪಲ್ಲಿ ಕೂತಿವೆ. ಅಮ್ಮ ಮರುವಾಯಿ ಚಿಪ್ಪು ಬಿಡಿಸುವುದನ್ನು ನೋಡಿದ್ದೀಯಲ್ಲ, ಹಾಗೆಯೇ ಸಂದಿಗೆ ತೂರಿಸಿ ಸುತ್ತಲೂ ಬಿಡಿಸುತ್ತಾ ಹೋಗು. ಆದರೆ ಕತ್ತಿಯಲ್ಲಲ್ಲ, ಗಿಟಾರ್ ಬಾರಿಸುವ ಪ್ಲಾಸ್ಟಿಕ್ ಪಿಕ್ ಸಾಕು. ಅಂಚಿಗೆ ಸ್ವಲ್ಪ ಗೀರು ಬೀಳಬಹುದು, ಬೀಳಲಿ.

ಕಷ್ಟ ಶುರುವಾಗುವುದು ಆಮೇಲೆ. ಕ್ಲಿಪ್ ಬಿಟ್ಟ ಖುಷಿಗೆ ಎರಡು ಭಾಗವನ್ನೂ ಎಳೆದುಬಿಡಬೇಡ. ಮಧ್ಯೆ ಎರಡು ತೆಳು ರಿಬ್ಬನ್ ಉಂಟು, ಒಂದು ಬ್ಯಾಟರಿಯದ್ದು, ಇನ್ನೊಂದು ಇಯರ್‌ಫೋನ್ ಜಾಕಿನದ್ದು. ಜಾಕಿನದ್ದು ಹರಿದರೆ ಬ್ಯಾಟರಿ ಹೊಸದಾದರೂ ಹಾಡು ಕೇಳಿಸುವುದಿಲ್ಲ. ಸ್ವಲ್ಪವೇ ತೆರೆದು, ಬ್ಯಾಟರಿ ರಿಬ್ಬನ್ ಹಿಡಿದಿರುವ ಕಂದು ಪಟ್ಟಿಯನ್ನು ಉಗುರಲ್ಲಿ ಒಂದೆರಡು ಮಿಲಿಮೀಟರ್ ಮೇಲೆತ್ತು. ರಿಬ್ಬನ್ ತಾನಾಗಿ ಸಡಿಲವಾಗುತ್ತದೆ. ಆಮೇಲೆ ಪುಸ್ತಕದ ಹಾಗೆ ತೆರೆದು ಮೇಜಿನ ಮೇಲಿಡು.

ಬ್ಯಾಟರಿ ಹಿಂದಿನ ತಗಡಿಗೆ ಅಂಟಿರುತ್ತದೆ. ಪ್ಲಾಸ್ಟಿಕ್ ತುಂಡಿನಿಂದಲೇ ನಿಧಾನಕ್ಕೆ ಎಬ್ಬಿಸು. ಚುಚ್ಚಿದರೆ, ಬಾಗಿಸಿದರೆ ಬೆಂಕಿ ಹತ್ತಬಹುದು. ಅದು ಉಬ್ಬಿದ್ದು ಕಂಡರೆ ಕೈ ಹಾಕಲೇ ಬೇಡ, ರಿಪೇರಿ ಗೊತ್ತಿದ್ದವರಿಗೆ ಕೊಡು. ಈ ಒಂದು ವಿಷಯದಲ್ಲಿ ನಿನ್ನ ಹಠ ಬೇಡ, ಆಯ್ತಾ?

ಹೊಸತನ್ನು ಅದೇ ಜಾಗದಲ್ಲಿ ಕೂರಿಸಿ, ರಿಬ್ಬನ್ ತೂರಿಸಿ, ಪಟ್ಟಿ ಒತ್ತು. ಮುಚ್ಚುವ ಮೊದಲೇ ಆನ್ ಆಗುತ್ತದಾ ನೋಡು. ಆಗದಿದ್ದರೆ ಆ ಅಗಲ ಪಿನ್ನಿನ ಹಳೇ ಕೇಬಲ್ ಹಾಕಿ ಸ್ವಲ್ಪ ಚಾರ್ಜ್ ಕೊಡು. ನಿನ್ನ ಫೋನಿನ ಕೇಬಲ್ ಅದಕ್ಕೆ ಆಗುವುದಿಲ್ಲ.

ಹಳೇ ಬ್ಯಾಟರಿಯ ತುದಿಗೆ ಟೇಪ್ ಅಂಟಿಸಿ ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಡು. ಮನೆಯ ಕಸಕ್ಕೆ ಹಾಕಬೇಡ.

ಬ್ಯಾಟರಿ ತೆಗೆದರೂ ರೆಕಾರ್ಡಿಂಗ್ ಎಲ್ಲೂ ಹೋಗುವುದಿಲ್ಲ, ಅವು ಹಾರ್ಡ್ ಡಿಸ್ಕಲ್ಲಿ ಇರುತ್ತವೆ. ಆದರೆ ಅದು ಒಳಗೆ ತಿರುಗುವ ಡಿಸ್ಕು, ಅದಕ್ಕೂ ವಯಸ್ಸಾಯಿತು. ವಿಟ್ಲಪಿಂಡಿ ಹಬ್ಬಕ್ಕೆ ಬರುವಾಗ ಐಪಾಡ್ ತಾ, ಎಲ್ಲವನ್ನೂ ನನ್ನ ಕಂಪ್ಯೂಟರಿಗೆ ಇಳಿಸುವ.

ನಿನ್ನ,
ಅಪ್ಪ