ಪ್ರಬಂಧ ತೆರೆದಿರಲಿ, ಮನೆ ವಿಳಾಸವೇಕೆ?

ಪಿಎಚ್.ಡಿ. ಮಹಾಪ್ರಬಂಧಗಳನ್ನು ಡಿಜಿಟಲ್ ರೂಪದಲ್ಲೂ ಸಲ್ಲಿಸಬೇಕೆಂದು 2009ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ನಿಯಮ ಮಾಡಿದ್ದು ಒಳ್ಳೆಯ ಕೆಲಸ. ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಪ್ರಬಂಧಗಳ ಆನ್‌ಲೈನ್ ಭಂಡಾರ ‘ಶೋಧಗಂಗಾ’ ಇಲ್ಲದಿದ್ದರೆ ಒಂದು ಪ್ರಬಂಧ ನೋಡಲು ನಾನು ಬಸ್ ಹತ್ತಬೇಕಿತ್ತು. ಹೋದ ದಿನವೇ ಬೀರುವಿನ ಬೀಗದ ಕೈ ಇಟ್ಟುಕೊಂಡವರು ರಜೆ!

ಆದರೆ ಮೊನ್ನೆ ಜಾನಪದದ ಪ್ರಬಂಧವೊಂದನ್ನು ತೆರೆದಾಗ ಕಸಿವಿಸಿಯಾಯಿತು. ಕೊನೆಯ ಪುಟದಲ್ಲಿ ಸಂಶೋಧಕಿಯ ಸ್ವವಿವರ: ಹುಟ್ಟಿದ ದಿನಾಂಕ, ಜಾತಿ, ಮನೆ ವಿಳಾಸ, ಮೊಬೈಲ್ ಸಂಖ್ಯೆ, ಕೆಳಗೆ ಸಹಿ. ಅನುಬಂಧದಲ್ಲಿ ಮಾಹಿತಿ ಕೊಟ್ಟ ಮಹಿಳೆಯರ ಊರು, ವಯಸ್ಸು, ಫೋಟೊ. ಹಾಡಿದವರ ಹೆಸರು ಇರಲಿ, ಅದು ಅವರಿಗೆ ಸಲ್ಲಬೇಕಾದದ್ದು. ಗಂಡನ ಕುಡಿತ, ಮನೆಯ ಸಾಲ ಹೇಳಿಕೊಂಡವರ ಫೋಟೊ ಯಾಕೆ? ಜಗಲಿಯಲ್ಲಿ ಕೂತು ಆಡಿದ ಮಾತನ್ನು ಊರೂರು ಓದುತ್ತದೆಂದು ಆ ಅಜ್ಜಿಗೆ ಯಾರಾದರೂ ಹೇಳಿದ್ದರೇ?

ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಲ್ಲೇ. ನಮ್ಮ ವಿಶ್ವವಿದ್ಯಾಲಯಗಳು ಪ್ರಬಂಧದ ಒಂದು ಅಧ್ಯಾಯವನ್ನೂ ಮುಚ್ಚಿಡಬೇಕಿಲ್ಲ. ಅಪ್‌ಲೋಡ್ ಮಾಡುವ ಮುನ್ನ ಸ್ವವಿವರದ ಪುಟವನ್ನೂ ಇಂಥ ಫೋಟೊಗಳನ್ನೂ ತೆಗೆದಿಡಲಿ. ಅರ್ಧ ಗಂಟೆಯ ಕೆಲಸ.

– ಒಬ್ಬ ಅತಿಥಿ ಉಪನ್ಯಾಸಕ, ಹಾವೇರಿ